ದೃಷ್ಟಿ ತೆಗೆಯುವುದು, ಕೆಂಪಾರತಿ, ಕರಿದಾರ: ಮಾಡಿ ಕಲಿಯುವ ಕಾರ್ಯಾಗಾರ ನಡೆಸುವುದು ಹೇಗೆ?

ಕಾಲೇಜಿನ ಜಾನಪದ ಬಳಗದವರು ಕೇಳುತ್ತಾರೆ, ಊರಿನ ಗ್ರಂಥಾಲಯ ನಡೆಸುವವರು ಕೇಳುತ್ತಾರೆ, ಹೊರದೇಶದ ಕನ್ನಡ ಸಂಘದವರೂ ಕೇಳುತ್ತಾರೆ. ಪ್ರಶ್ನೆ ಮಾತ್ರ ಒಂದೇ. ಅಜ್ಜಿಯರು ಮಾಡುತ್ತಿದ್ದ ದೃಷ್ಟಿ ತೆಗೆಯುವುದು, ಕೆಂಪಾರತಿ, ನಿಂಬೆಹಣ್ಣಿನ ಸರ, ಉಡುದಾರ ಇವನ್ನೆಲ್ಲ ಕೈಯಾರೆ ಮಾಡಿ ಕಲಿಯುವ ಒಂದು ದಿನದ ಕಾರ್ಯಾಗಾರ ಮಾಡಬೇಕು ಅಂತಿದ್ದೀವಿ, ಎಲ್ಲಿಂದ ಶುರು ಮಾಡೋದು, ತೊಂದರೆ ಏನೂ ಆಗಲ್ಲ ಅಲ್ವಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಲಿಸಬೇಕಾದದ್ದು ಕೈಯ ಕೆಲಸ ಮತ್ತು ಅದರ ಜೊತೆಗೆ ಬರುವ ಮಾತು. ಫಲದ ಭರವಸೆ ಕೊಡಬಾರದು. "ಹೀಗೆ ಮಾಡಿದರೆ ಮಗುವಿನ ಜ್ವರ ಇಳಿಯುತ್ತೆ" ಎಂಬ ಒಂದೇ ಒಂದು ಮಾತು ವೇದಿಕೆಯಿಂದ ಬಂದರೂ ಸಾಕು, ನೀವು ಚಿಕಿತ್ಸೆ ಮಾರುವವರಾಗಿಬಿಡುತ್ತೀರಿ. ಹಾಗಂತ ನಂಬುವವರನ್ನು ನಗೆಪಾಟಲು ಮಾಡುವುದಕ್ಕೂ ಇದು ಜಾಗವಲ್ಲ. ಮಗು ರಚ್ಚೆ ಹಿಡಿದು ಅಳುವಾಗ ಒಬ್ಬ ತಾಯಿ ಅಡುಗೆಮನೆಯಲ್ಲಿ ಸಿಕ್ಕಿದ ಉಪ್ಪು, ಮೆಣಸಿನಕಾಯಿ, ಸಾಸಿವೆ ಹಿಡಿದುಕೊಂಡು ಬಂದು ಏನೋ ಒಂದು ಮಾಡುತ್ತಾಳಲ್ಲ, ಆ ಕೆಲಸಕ್ಕೆ ಒಂದು ಕ್ರಮ ಇದೆ, ಒಂದು ಲಯ ಇದೆ. ಅದು ಎಲ್ಲೂ ಸರಿಯಾಗಿ ಬರೆದಿಟ್ಟಿಲ್ಲ. ಅದಕ್ಕಾಗಿಯೇ ಈ ಕಾರ್ಯಾಗಾರಗಳು ಬೇಕು ಎನ್ನುವವನು ನಾನು.

1. ಏನು ಕಲಿಸುತ್ತೀರಿ, ಏನನ್ನು ಮುಟ್ಟುವುದಿಲ್ಲ ಎಂದು ಬರೆದಿಡಿ

ಒಂದು ದಿನಕ್ಕೆ ನಾಲ್ಕು ವಿಷಯ ಸಾಕು. ನಾನು ಸೂಚಿಸುವುದು ಇವು:

- ನಿವಾಳಿಸುವುದು, ಅಂದರೆ ಉಪ್ಪು, ಮೆಣಸಿನಕಾಯಿ, ಸಾಸಿವೆಯನ್ನು ಮುಷ್ಟಿಯಲ್ಲಿ ಹಿಡಿದು ವ್ಯಕ್ತಿಯ ಮುಂದೆ ಸುತ್ತಿಸಿ ದೃಷ್ಟಿ ತೆಗೆಯುವುದು. ಉತ್ತರ ಕರ್ನಾಟಕದ ಕಡೆ ಇದನ್ನೇ ನೆದರ ತೆಗೆಯುವುದು ಅನ್ನುತ್ತಾರೆ.
- ಕೆಂಪಾರತಿ, ಅಂದರೆ ಅರಿಶಿನ ಮತ್ತು ಸುಣ್ಣ ಕದಡಿದ ಕೆಂಪು ನೀರಿನ ಆರತಿ. ಮದುಮಕ್ಕಳು ಮನೆಗೆ ಬಂದಾಗ, ಬಾಣಂತಿ ಮಗುವಿನ ಜೊತೆ ಬಂದಾಗ ಎತ್ತುವುದು. ಕರಾವಳಿಯಲ್ಲಿ ಈ ನೀರಿಗೆ ಕುರುದಿ ನೀರು ಎನ್ನುತ್ತಾರೆ.
- ನಿಂಬೆಹಣ್ಣು, ಹಸಿಮೆಣಸಿನಕಾಯಿ, ಇದ್ದಿಲಿನ ಸರ. ಅಂಗಡಿ ಬಾಗಿಲಲ್ಲಿ, ಆಟೋ ಮುಂದೆ ನೇತಾಡುತ್ತದಲ್ಲ, ಅದೇ.
- ಕರಿದಾರ, ಉಡುದಾರ ಹೊಸೆಯುವುದು. ಮಕ್ಕಳು ಬರುವುದಾದರೆ ಇದರ ಬದಲು ದೃಷ್ಟಿ ಮಡಿಕೆ ಬರೆಸಿ. ಹೊಲದಲ್ಲಿ, ಕಟ್ಟುತ್ತಿರುವ ಮನೆಯ ಮೇಲೆ ಇಡುವ ಕರಿ ಮಡಿಕೆಗೆ ಸುಣ್ಣದಲ್ಲಿ ಕಣ್ಣು, ಹಲ್ಲು, ಮೀಸೆ ಬರೆಯುವ ಕೆಲಸ ಮಕ್ಕಳಿಗೆ ತುಂಬ ಖುಷಿ ಕೊಡುತ್ತದೆ.

ಇನ್ನು ಮುಟ್ಟಬಾರದ ಪಟ್ಟಿ. ಮಾಟ, ವಶೀಕರಣ, ಬಾನಾಮತಿ (ಬೀದರ್, ಕಲಬುರಗಿ ಕಡೆ ಮಾಟಕ್ಕೆ ಹೇಳುವ ಹೆಸರು), ಮೈಮೇಲೆ ಬಂದದ್ದನ್ನು ಬಿಡಿಸುವುದು, ನಿಧಿ ಹುಡುಕುವುದು, ಹಾವು ಚೇಳಿನ ಮಂತ್ರ. ಇವನ್ನು "ಸುಮ್ನೆ ತೋರಿಸೋಕೆ" ಅಂತಲೂ ಮಾಡಬೇಡಿ. ಇದರಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಮಾಟ ಎಂಬ ಮಾತು ಬಂದ ಕೂಡಲೇ "ಯಾರು ಮಾಡಿದ್ದು?" ಎಂಬ ಪ್ರಶ್ನೆ ಬರುತ್ತದೆ. ಆಗ ಬೊಟ್ಟು ಹೋಗುವುದು ಪಕ್ಕದ ಮನೆಯ ವಿಧವೆಯ ಕಡೆ, ಇಲ್ಲವೇ ಊರಿನ ಅಂಚಿನಲ್ಲಿರುವ ಬಡ ಮುದುಕಿಯ ಕಡೆ. ಬಾನಾಮತಿಯ ಹೆಸರಿನಲ್ಲಿ ಬೀದರ್, ಕಲಬುರಗಿ ಕಡೆ ಎಷ್ಟು ಜನ ಹೊಡೆತ, ಅವಮಾನ ತಿಂದಿದ್ದಾರೆ ಎನ್ನುವುದು ಆ ಭಾಗದವರಿಗೆ ಗೊತ್ತು. ಅಂಥ ಆಟಕ್ಕೆ ನಿಮ್ಮ ಕಾರ್ಯಾಗಾರ ದಾರಿಯಾಗಬಾರದು.

ಕರಾವಳಿಯವರಿಗೆ ಇನ್ನೊಂದು ಮಾತು. ದೈವಾರಾಧನೆಯನ್ನು ಕಲಿಸುವ ವಿಷಯಗಳ ಪಟ್ಟಿಯೊಳಗೆ ತರಬೇಡಿ. ಕೋಲ, ನೇಮ ಎಂಬ ದೈವದ ಸೇವೆಗಳೆಲ್ಲ ನಿರ್ದಿಷ್ಟ ಜಾಗಕ್ಕೆ, ನಿರ್ದಿಷ್ಟ ಕುಟುಂಬಗಳಿಗೆ, ಕಟ್ಟು ಕಟ್ಟಳೆಗೆ ಸೇರಿದವು. ಅದನ್ನು ಸಭಾಂಗಣದಲ್ಲಿ ಅಣಕು ಮಾಡಿದರೆ ಜನ ಸಿಟ್ಟಾಗುತ್ತಾರೆ, ಆ ಸಿಟ್ಟು ಸರಿಯಾದದ್ದೇ.

ಕುಡಿಯುವ, ತಿನ್ನುವ ಯಾವುದೂ ಬೇಡ. ಆಟಿ ಅಮಾವಾಸ್ಯೆಯಂದು ತುಳುನಾಡಿನಲ್ಲಿ ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ಪದ್ಧತಿ ಇದೆ. ನೀವು ಬೇಕಾದರೆ ಅದರ ಬಗ್ಗೆ ಮಾತಾಡಿ, ಕುಡಿಸಬೇಡಿ. ಮರ ಗುರುತು ತಪ್ಪಿ ಕಾಸರಕ ಎಂಬ ವಿಷದ ಮರದ ತೊಗಟೆ ಬಂದರೆ ಅದು ಜೀವಕ್ಕೇ ಅಪಾಯ.

2. ಕಾನೂನು ತಿಳಿದುಕೊಳ್ಳಿ

ಮೂರು ಕಾಯ್ದೆ ಗೊತ್ತಿದ್ದರೆ ಸಾಕು.

ಒಂದು, ಜನ ಮೌಢ್ಯ ನಿಷೇಧ ಕಾಯ್ದೆ ಎಂದು ಕರೆಯುವ 2017ರ ಕರ್ನಾಟಕದ ಕಾಯ್ದೆ. ಜಾರಿಗೆ ಬಂದದ್ದು 2020ರ ಜನವರಿಯಲ್ಲಿ. ಅಮಾನವೀಯ ಆಚರಣೆ ಮತ್ತು ವಾಮಾಚಾರವನ್ನು ಇದು ತಡೆಯುತ್ತದೆ. ನಿಧಿಗಾಗಿ ಮಾಡುವ ವಾಮಾಚಾರ, ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಎಲ್ಲ ಇದರೊಳಗೆ ಬರುತ್ತವೆ. ಶಿಕ್ಷೆ ಕನಿಷ್ಠ 1 ವರ್ಷ, 7 ವರ್ಷದವರೆಗೂ ಹೋಗಬಹುದು, ಜೊತೆಗೆ ದಂಡ. ಯಾರಿಗೂ ನೋವು ಮಾಡದೆ, ಯಾರನ್ನೂ ಹೆದರಿಸದೆ, ಮೋಸ ಮಾಡದೆ ಕೆಂಪಾರತಿ ಕದಡುವುದನ್ನು ಕಲಿಸುವುದಕ್ಕೂ ಇದಕ್ಕೂ ಬಹಳ ದೂರ ಇದೆ. ಆದರೂ ಕಾಯ್ದೆಯ ಕನ್ನಡ ಪ್ರತಿಯನ್ನು ಆಯೋಜಕರು ಒಮ್ಮೆ ಓದಿರಬೇಕು.

ಎರಡು, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆ. ಇದು ಕೇಂದ್ರದ್ದು. ತಾಯಿತ, ಮಂತ್ರ, ಕವಚದಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಜಾಹೀರಾತು ಕೊಡುವುದು ಇದರ ಪ್ರಕಾರ ಅಪರಾಧ. ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಒಳಗೆ ಎಲ್ಲ ಸರಿಯಾಗಿಯೇ ನಡೆದಿರುತ್ತದೆ, ಆದರೆ ವಾಟ್ಸಾಪಿಗೆ ಪೋಸ್ಟರ್ ಮಾಡಿದ ಹುಡುಗ ಆಕರ್ಷಕವಾಗಿರಲಿ ಅಂತ "ನಿಮ್ಮ ಕಷ್ಟಗಳಿಗೆ ಅಜ್ಜಿಯ ಪರಿಹಾರ" ಎಂದು ಬರೆದಿರುತ್ತಾನೆ. ಪೋಸ್ಟರಿನ ಪ್ರತಿ ಸಾಲನ್ನೂ ನೀವೇ ಓದಿ. ಪರಿಹಾರ, ನಿವಾರಣೆ, ಗ್ಯಾರಂಟಿ, ಶಕ್ತಿ ಎಂಬ ಪದಗಳಿದ್ದರೆ ತೆಗೆಯಿರಿ. ಹೀಗೆ ಬರೆದರೆ ಸಾಕು: "ದೃಷ್ಟಿ ತೆಗೆಯುವ ಮನೆ ಪದ್ಧತಿಗಳು. ಹಿರಿಯರಿಂದ ನೋಡಿ, ಮಾಡಿ ಕಲಿಯುವ ಒಂದು ದಿನ. ಇದು ಜನಪದ ಆಚರಣೆಯ ಪರಿಚಯ ಮಾತ್ರ, ಚಿಕಿತ್ಸೆ ಅಲ್ಲ."

ಮೂರು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಹುಲಿ ಉಗುರು, ಗೂಬೆಯ ಅಂಗ, ಆಮೆ ಚಿಪ್ಪು, ಉಡದ ಅಂಗ ಯಾವುದೂ ಒಳಗೆ ಬರಬಾರದು. "ನಮ್ಮ ತಾತನ ಕಾಲದ್ದು, ಸುಮ್ನೆ ತೋರಿಸೋಕೆ ತಂದೆ" ಎಂದು ಯಾರಾದರೂ ತಂದೇ ತರುತ್ತಾರೆ. 2023ರಲ್ಲಿ ಹುಲಿ ಉಗುರಿನ ಪದಕ ಹಾಕಿಕೊಂಡದ್ದಕ್ಕೆ ನಮ್ಮ ರಾಜ್ಯದಲ್ಲಿ ಬಂಧನವೇ ಆಯಿತು, ನೆನಪಿರಬಹುದು. ಹತ್ಥಾ ಜೋಡಿ ಎಂಬ ಹೆಸರಿನಲ್ಲಿ ಅಪರೂಪದ ಬೇರು ಎಂದು ಮಾರುವ ವಸ್ತು ಎಷ್ಟೋ ಸಲ ಬೇರೇ ಆಗಿರುವುದಿಲ್ಲ, ಒಣಗಿಸಿದ ಉಡದ ಜನನಾಂಗ ಅದು. ನೋಂದಣಿ ಮಾಡಿಸುವಾಗಲೇ "ಪ್ರಾಣಿಯ ಯಾವ ಭಾಗವನ್ನೂ ತರಬೇಡಿ" ಎಂದು ತಿಳಿಸಿ.

3. ಕಲಿಸುವವರನ್ನು ಹುಡುಕಿ, ಗೌರವದಿಂದ ಕರೆಯಿರಿ

ವಿಡಿಯೋ ನೋಡಿ ಕಲಿತವರು ಬೇಡ. ನಿಮ್ಮ ಬೀದಿಯಲ್ಲೇ ದೃಷ್ಟಿ ತೆಗೆಯುವ ಅಜ್ಜಿ ಇರುತ್ತಾರೆ, ಸೂಲಗಿತ್ತಿಯಾಗಿದ್ದವರು ಇರುತ್ತಾರೆ. ಪಕ್ಕದ ಮನೆಯವರು ಮಗು ಅತ್ತರೆ ಯಾರ ಬಳಿ ಎತ್ತಿಕೊಂಡು ಹೋಗುತ್ತಾರೆ ಎಂದು ಕೇಳಿ ನೋಡಿ, ಹೆಸರು ತಾನಾಗಿ ಬರುತ್ತದೆ. ಇಬ್ಬರನ್ನು ಕರೆಯಿರಿ, ಸಾಧ್ಯವಾದರೆ ಬೇರೆ ಬೇರೆ ಸೀಮೆಯವರನ್ನು. ಮಂಡ್ಯ ಕಡೆಯ ಅಜ್ಜಿ ಮಾಡುವ ರೀತಿಗೂ ಧಾರವಾಡ ಕಡೆಯ ಅಜ್ಜಿ ಮಾಡುವ ರೀತಿಗೂ ವ್ಯತ್ಯಾಸ ಕಂಡಾಗ ಕಲಿಯುವವರಿಗೆ "ಇದೇ ಸರಿ, ಅದು ತಪ್ಪು" ಎಂಬ ಹಟ ತಾನೇ ಬಿಟ್ಟುಹೋಗುತ್ತದೆ.

ಮನೆಗೆ ಹೋಗಿ ಕರೆಯಿರಿ. ಫೋನಿನಲ್ಲಿ ಮುಗಿಸಬೇಡಿ. "ಅಜ್ಜಿ, ನಮ್ಮ ಹುಡುಗರಿಗೆ ಒಂಚೂರು ತೋರಿಸಿಕೊಡ್ತೀರಾ?" ಎಂದು ಕೇಳಿದರೆ ಹೆಚ್ಚಿನವರು "ಅಯ್ಯೋ, ಇದನ್ನೇನು ಕಲಿಸೋದು, ಇದೆಲ್ಲಾ ಒಂದು ವಿದ್ಯೆನಾ?" ಅಂತಾರೆ. ಆಗ ಅಲ್ಲೇ ಕೂತು ಮಾತಾಡಿ. ಏನು ತೋರಿಸಬಹುದು, ಏನು ಆಗುವುದಿಲ್ಲ ಎಂದು ಅವರೇ ಹೇಳಲಿ. ಕೆಲವರು ಮಂತ್ರವನ್ನು ಜೋರಾಗಿ ಹೇಳುವುದಿಲ್ಲ. ಗುರುವಿನ ಬಾಯಿಂದ ಬಂದದ್ದನ್ನು ಎಲ್ಲರೆದುರು ಹೇಳಿದರೆ ಅದು ಕೆಡುತ್ತದೆ ಎಂಬ ನಂಬಿಕೆ. ಗ್ರಹಣದ ದಿನ ಮಾತ್ರ ಹೇಳಿಕೊಡುವವರೂ ಇದ್ದಾರೆ. ಒತ್ತಾಯ ಬೇಡ, ಕದ್ದು ರೆಕಾರ್ಡ್ ಮಾಡುವುದಂತೂ ಬೇಡವೇ ಬೇಡ. ಎಲ್ಲರೂ ಹೇಳುವ ಮನೆ ಮಾತುಗಳೇ ಬೇಕಾದಷ್ಟಿವೆ.

ದರ್ಗಾದಲ್ಲಿ ತಾಯಿತ ಕೊಡುವ ಹಿರಿಯರು ಸಿಕ್ಕಿದರೆ ಅವರನ್ನೂ ಮಾತಿಗೆ ಕರೆಯಿರಿ. ಮಗುವಿಗೆ ಭಯ ಹಿಡಿದರೆ ದರ್ಗಾಕ್ಕೆ ಹೋಗಿ ದಾರ ಕಟ್ಟಿಸಿಕೊಂಡು ಬರುವ ಹಿಂದೂ ಮನೆಗಳು ನಮ್ಮಲ್ಲಿ ಊರೂರಿಗೂ ಇವೆ. ಈ ನಂಬಿಕೆ ಯಾವತ್ತೂ ಒಂದು ಮತದ ಗೋಡೆಯೊಳಗೆ ಇರಲಿಲ್ಲ. ಸುಡುಗಾಡು ಸಿದ್ಧರು, ಬುಡಬುಡಿಕೆಯವರು, ಕಣಿ ಹೇಳುವ ಹೆಂಗಸರನ್ನು ಕರೆಯುವುದಾದರೆ ಇನ್ನಷ್ಟು ಎಚ್ಚರ ಬೇಕು. ಅವರಿಗೆ ಇದು ಹೊಟ್ಟೆಪಾಡು. ಅವರ ಬದುಕಿನ ಬಗ್ಗೆ ಅವರೇ ಮಾತಾಡಲಿ. ವೇಷ ಹಾಕಿಸಿ ಫೋಟೋ ತೆಗೆಯುವ ಪ್ರದರ್ಶನ ಮಾಡಬೇಡಿ.

ಸಂಭಾವನೆ ಕೊಡಿ. "ಅಜ್ಜಿಗೆ ದುಡ್ಡು ಯಾಕೆ, ಸೀರೆ ಕೊಟ್ಟರಾಯಿತು" ಎನ್ನುವುದನ್ನು ಬಿಡಿ. ಕಾಲೇಜಿಗೆ ಬರುವ ಭಾಷಣಕಾರರಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಇವರಿಗೂ ಕೊಡಿ, ಹೋಗಿಬರುವ ಖರ್ಚು ಬೇರೆ. ಕೆಲವರು ಈ ಕೆಲಸಕ್ಕೆ ಕೈಯಲ್ಲಿ ದುಡ್ಡು ಮುಟ್ಟುವುದಿಲ್ಲ. ಅಂಥವರಿಗೆ ಎಲೆ ಅಡಿಕೆ, ಬಾಳೆಹಣ್ಣಿನ ತಾಂಬೂಲದ ಜೊತೆ ಲಕೋಟೆ ಇಟ್ಟು ಕೊಡಿ, ಅಥವಾ ಮನೆಯವರ ಖಾತೆಗೆ ಹಾಕಿ. ಏನು ಮಾಡಬೇಕೆಂದು ಮೊದಲೇ ಕೇಳಿಕೊಂಡಿರಿ.

4. ಜಾಗ, ದಿನ, ಜನ

20 ಜನ ಮೀರಬೇಡಿ. ಅದಕ್ಕಿಂತ ಜಾಸ್ತಿಯಾದರೆ ಹಿಂದೆ ಕೂತವರು ಬರೀ ನೋಡುತ್ತಾರೆ, ಕೈಗೆ ಏನೂ ಹತ್ತುವುದಿಲ್ಲ. ಒಳಗೆ ಒಂದು ಹಾಲ್, ಹೊರಗೆ ತೆರೆದ ಅಂಗಳ, ಹತ್ತಿರದಲ್ಲೇ ನೀರಿನ ನಲ್ಲಿ, ಈ ಮೂರೂ ಇರಲೇಬೇಕು. ನೆಲ ಸಿಮೆಂಟಿನದಾದರೆ ಹಳೇ ಚಾಪೆ, ಗೋಣಿಚೀಲ ಹಾಸಿ. ಅರಿಶಿನ ಸುಣ್ಣದ ಕಲೆ ಬಿಳಿ ಟೈಲ್ಸಿನ ಮೇಲೆ ಬಿದ್ದರೆ ಜಾಗ ಕೊಟ್ಟವರು ಮತ್ತೆ ಕೊಡುವುದಿಲ್ಲ.

ದಿನದ ಬಗ್ಗೆ ಕಲಿಸುವವರನ್ನೇ ಕೇಳಿ. ದೃಷ್ಟಿ ತೆಗೆಯುವುದಕ್ಕೆ ಅಮಾವಾಸ್ಯೆ, ಭಾನುವಾರ, ಮಂಗಳವಾರ ಸರಿ ಎಂದು ಹಲವರು ಹೇಳುತ್ತಾರೆ. ಕೆಲವರು ಅದೇ ಕಾರಣಕ್ಕೆ "ಅವತ್ತು ಸುಮ್ಮನೆ ಆಟಕ್ಕೆ ಮಾಡಬಾರದು" ಅನ್ನುತ್ತಾರೆ. ಅವರಿಗೆ ಮನಸ್ಸು ಕಸಿವಿಸಿಯಾಗುವ ದಿನ ಇಡಬೇಡಿ.

ಹೊರದೇಶದಲ್ಲಿ ಮಾಡುವವರು ಹೊಗೆ ಎಚ್ಚರಿಕೆ ಗಂಟೆಯ ವಿಷಯ ಮರೆಯಬೇಡಿ. ಬಾಡಿಗೆ ಹಾಲಿನೊಳಗೆ ಮೆಣಸಿನಕಾಯಿ ಸುಟ್ಟರೆ ಅಗ್ನಿಶಾಮಕದವರು ಬಂದು ನಿಲ್ಲುತ್ತಾರೆ. ಊರಿಂದ ಬೇರು, ಕಾಳು, ಹಣ್ಣು ತರಿಸಿಕೊಳ್ಳಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಲ್ಲಿ ಈ ತಪಾಸಣೆ ಬಹಳ ಕಟ್ಟುನಿಟ್ಟು. ಬೇಕಾದದ್ದೆಲ್ಲ ಅಲ್ಲಿನ ಭಾರತೀಯ ದಿನಸಿ ಅಂಗಡಿಯಲ್ಲೇ ಸಿಗುತ್ತದೆ.

5. ಸಾಮಾನು

20 ಜನಕ್ಕೆ ಹೆಚ್ಚೂಕಡಿಮೆ ಇಷ್ಟು ಬೇಕು. ಕಲ್ಲುಪ್ಪು 1 ಕೆಜಿ, ಸಾಸಿವೆ 250 ಗ್ರಾಂ, ಒಣಮೆಣಸಿನಕಾಯಿ 200 ಗ್ರಾಂ, ನಿಂಬೆಹಣ್ಣು 30, ಹಸಿಮೆಣಸಿನಕಾಯಿ 1 ಕೆಜಿ, ಇದ್ದಿಲು 2 ಕೆಜಿ, ಅರಿಶಿನ ಪುಡಿ 200 ಗ್ರಾಂ, ಎಲೆ ಅಡಿಕೆಗೆ ಹಾಕುವ ಸುಣ್ಣ ಒಂದು ಡಬ್ಬಿ, ಕರಿ ಮತ್ತು ಬಿಳಿ ಹತ್ತಿ ನೂಲು, ದಬ್ಬಳ, ಆರತಿ ತಟ್ಟೆಗಳು, ಒಂದು ಅಗ್ಗಿಷ್ಟಿಕೆ ಅಥವಾ ಕಬ್ಬಿಣದ ಬಾಂಡ್ಲಿ. ಬಕೆಟ್ ತುಂಬ ನೀರು, ಇನ್ನೊಂದು ಬಕೆಟ್ ಮರಳು. ಕೈಗವಸು, ಸೋಪು, ಒಂದು ಬಟ್ಟಲು ಕೊಬ್ಬರಿ ಎಣ್ಣೆ. ಎಣ್ಣೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ಈ ವಸ್ತುಗಳ ಬಗ್ಗೆ ಎಚ್ಚರ ಇರಲಿ:

ಸುಣ್ಣ. ಎಲೆ ಅಡಿಕೆ ಅಂಗಡಿಯ ಅರಳಿದ ಸುಣ್ಣವನ್ನೇ ತನ್ನಿ. ಸುಟ್ಟ ಸುಣ್ಣದ ಕಲ್ಲು ತಂದು ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಸಿಡಿಯುತ್ತದೆ. ಯಾವ ಸುಣ್ಣವಾದರೂ ಕಣ್ಣಿಗೆ ಬಿದ್ದರೆ ಉಜ್ಜಬೇಡಿ. ಕನಿಷ್ಠ 20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಿ.

ಗುಲಗಂಜಿ. ಕೆಂಪು ಕಪ್ಪಿನ ಈ ಕಾಳನ್ನು ದೃಷ್ಟಿ ಸರಕ್ಕೆ ಪೋಣಿಸುವ ರೂಢಿ ಇದೆ. ಕಾರ್ಯಾಗಾರದಲ್ಲಿ ಬೇಡ. ಹೊರಗಿನ ಗಟ್ಟಿ ಸಿಪ್ಪೆ ಹಾಗೇ ಇದ್ದರೆ ಒಂದು ಮಾತು, ತೂತು ಮಾಡಿದರೆ ಒಳಗಿನ ವಿಷ ಹೊರಗೆ ಬರುತ್ತದೆ. ಅದು ಬಹಳ ಕಡಿಮೆ ಪ್ರಮಾಣದಲ್ಲೇ ಪ್ರಾಣ ತೆಗೆಯುವಂಥ ವಿಷ.

ಎಕ್ಕ. ಎಕ್ಕದ ಬೇರು, ಎಲೆ ತಂದರೆ ಅದರ ಹಾಲು ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ. ಕಣ್ಣಿಗೆ ದೊಡ್ಡ ಹಾನಿಯಾಗುತ್ತದೆ.

ಬಜೆ. ಮಕ್ಕಳ ಕೈಗೆ ಕಟ್ಟುವ ಈ ಬೇರು ಗ್ರಂಥಿಗೆ ಅಂಗಡಿಯಲ್ಲಿ ಸಿಗುತ್ತದೆ. ತೋರಿಸಿ, ಮೂಸಿ ನೋಡಲಿ. ತೇಯ್ದು ನೆಕ್ಕಿಸುವುದನ್ನು ಮಾತ್ರ ಕಲಿಸಬೇಡಿ. ಮಗುವಿಗೆ ಅದು ಸುರಕ್ಷಿತವಲ್ಲ.

ಕಾಡಿಗೆ, ಕುಂಕುಮ. ಕೆನ್ನೆಗೋ ಹಣೆಗೋ ದೃಷ್ಟಿ ಬೊಟ್ಟು ಇಡುವುದು ಸರಿ, ಮಗುವಿನ ಕಣ್ಣೊಳಗೆ ಕಾಡಿಗೆ ಹಚ್ಚುವುದು ಬೇಡ. ಅಗ್ಗದ ಕಾಡಿಗೆ, ಸಿಂಧೂರದಲ್ಲಿ ಸೀಸ ಇರುವ ಸಾಧ್ಯತೆ ಇದೆ.

6. ಆ ದಿನ ಹೀಗೆ ನಡೆಸಿ

ಬೆಳಿಗ್ಗೆ 10ಕ್ಕೆ ಶುರು ಮಾಡಿದರೆ ಸಂಜೆ 4ಕ್ಕೆ ಮುಗಿಯುತ್ತದೆ. ಉದ್ದ ಭಾಷಣ ಇಡಬೇಡಿ. ಬಂದವರು ವೃತ್ತವಾಗಿ ಕೂತು ತಮ್ಮ ಮನೆಯಲ್ಲಿ ಯಾರು, ಹೇಗೆ ದೃಷ್ಟಿ ತೆಗೆಯುತ್ತಿದ್ದರು ಎಂದು ಎರಡೆರಡು ಮಾತು ಹೇಳಲಿ. ಅರ್ಧ ಗಂಟೆಯಲ್ಲೇ ಅಂಕೋಲಾ, ಹಾಸನ, ವಿಜಯಪುರ ಎಲ್ಲ ಒಂದೇ ಚಾಪೆಯ ಮೇಲೆ ಬಂದು ಕೂರುತ್ತವೆ.

ಮೊದಲು ಕೆಂಪಾರತಿ. ಅಗಲ ತಟ್ಟೆಗೆ ಎರಡು ಲೋಟ ನೀರು, ಅರ್ಧ ಚಮಚ ಅರಿಶಿನ. ನೀರು ಹಳದಿಯಾದ ಮೇಲೆ ಕಡಲೆಕಾಳಿನಷ್ಟು ಸುಣ್ಣ ಹಾಕಿ ಬೆರಳಲ್ಲಿ ಕದಡಿ. ಕಣ್ಣೆದುರೇ ನೀರು ರಕ್ತಗೆಂಪಾಗುತ್ತದೆ. ಮೊದಲ ಸಲ ನೋಡುವವರು ಅಬ್ಬಾ ಅನ್ನದೇ ಇರುವುದಿಲ್ಲ. ಕಾರಣವನ್ನೂ ಹೇಳಿಬಿಡಿ. ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ಬಣ್ಣದ ವಸ್ತು ಸುಣ್ಣದಂಥ ಕ್ಷಾರ ಸಿಕ್ಕಿದರೆ ಕೆಂಪಾಗುತ್ತದೆ, ನಿಂಬೆರಸ ಹಿಂಡಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಕಾರಣ ಹೇಳಿದರೆ ಆಚರಣೆಯ ಸೊಗಸು ಹೋಗುತ್ತದೆ ಎಂದು ಕೆಲವು ಆಯೋಜಕರು ಹಿಂಜರಿಯುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಪ್ರಯೋಗಾಲಯ ನೋಡದ ಹೆಂಗಸರು ಇದನ್ನು ಕಂಡುಕೊಂಡು, ಮಗಳಿಗೆ ಹೇಳಿಕೊಟ್ಟು, ಬಾಗಿಲಿಗೆ ಬಂದವರಿಗೆ ಎತ್ತುವ ಆರತಿ ಮಾಡಿಕೊಂಡರಲ್ಲ, ಅದು ತಿಳಿದಷ್ಟೂ ಗೌರವ ಜಾಸ್ತಿಯೇ ಆಗುತ್ತದೆ. ಒಂದು ಮಾತು, ನಿಂಬೆರಸದ ಪ್ರಯೋಗವನ್ನು ಬೇರೆ ಬಟ್ಟಲಿನಲ್ಲಿ ಮಾಡಿ. ಆರತಿಗೆಂದು ಕದಡಿದ ನೀರಿನಲ್ಲೇ ಮಾಡಿದರೆ ಅಜ್ಜಿಗೆ ಬೇಜಾರಾಗುತ್ತದೆ.

ಆಮೇಲೆ ಎತ್ತುವ ಕ್ರಮ. ಇಬ್ಬರು ಹಿಡಿಯುವುದು, ಹಾಡು ಹೇಳುವುದು, ತಟ್ಟೆಯ ನಡುವೆ ಎಲೆಯ ಮೇಲೆ ಬತ್ತಿ ಇಡುವುದು, ಕೊನೆಗೆ ಹಣೆಗೆ ಬೊಟ್ಟು ಇಟ್ಟು ನೀರನ್ನು ಬಾಗಿಲಾಚೆ ಚೆಲ್ಲುವುದು. ಎಲ್ಲರೂ ಒಬ್ಬರಿಗೊಬ್ಬರು ಎತ್ತಲಿ. ಈ ಹಾಡುಗಳನ್ನು ಮರೆಯದೆ ಕೇಳಿ, ಮೊದಲು ಮರೆತುಹೋಗುವುದು ಅವೇ.

ಆಮೇಲೆ ನಿವಾಳಿಸುವುದು. ಇದು ದಿನದ ಮುಖ್ಯ ಪಾಠ, ಒಂದೂವರೆ ಗಂಟೆ ಕೊಡಿ. ಮೊದಲು ಹಿರಿಯರು ಒಬ್ಬರಿಗೆ ಪೂರ್ತಿ ಮಾಡಿ ತೋರಿಸಲಿ, ನಡುವೆ ಯಾರೂ ಪ್ರಶ್ನೆ ಕೇಳಬಾರದು. ಎರಡನೇ ಸಲ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಲಿ. ಸಾಮಾನ್ಯವಾಗಿ ಇರುವ ಕ್ರಮ ಇದು: ವ್ಯಕ್ತಿಯನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸುವುದು. ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿ, ಕೆಲವು ಮನೆಗಳಲ್ಲಿ ಕಡ್ಡಿ ಪೊರಕೆಯ ಒಂದೆರಡು ಕಡ್ಡಿಯೂ ಇರುತ್ತವೆ. ಹಿಡಿದ ಮುಷ್ಟಿಯನ್ನು ತಲೆಯಿಂದ ಪಾದದವರೆಗೆ ಇಳಿಸುತ್ತಾ ಮೂರು ಸುತ್ತು ಬಲಕ್ಕೆ, ಮೂರು ಸುತ್ತು ಎಡಕ್ಕೆ. ಜೊತೆಗೆ ಮಾತು: ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು ಎಂದು ಸಾಗುತ್ತದೆ. ಮನೆಯಿಂದ ಮನೆಗೆ ಪಟ್ಟಿ ಬದಲಾಗುತ್ತದೆ. ಮುಷ್ಟಿಗೆ ಮೂರು ಸಲ ಥೂ ಥೂ ಎಂದು ಉಗಿಸಿ ಒಲೆಗೆ ಹಾಕುವುದು. ಸಾಸಿವೆ ಪಟಪಟ ಅಂದರೆ, ಮೆಣಸಿನಕಾಯಿ ಘಾಟು ಬರದಿದ್ದರೆ "ಅಬ್ಬಾ, ಎಷ್ಟು ದೃಷ್ಟಿ ಆಗಿತ್ತು ನೋಡು" ಎನ್ನುವ ಮಾತು ಕೇಳದವರು ಯಾರಿದ್ದಾರೆ?

ಇಲ್ಲಿ ಬೆಂಕಿ ಇದೆ, ಹಾಗಾಗಿ ನಿಯಮ ಗಟ್ಟಿ ಇರಲಿ. ಅಗ್ಗಿಷ್ಟಿಕೆ ಅಂಗಳದಲ್ಲಿ, ಗಾಳಿ ಜನರ ಕಡೆಗೆ ಬೀಸದ ಜಾಗದಲ್ಲಿ. ಹಿಡಿ ತುಂಬ ಮೆಣಸಿನಕಾಯಿ ಬೇಡ, ಒಬ್ಬರಿಗೆ ಒಂದು ಸಾಕು. ಉಸಿರಾಟದ ತೊಂದರೆ ಇರುವವರು, ಗರ್ಭಿಣಿಯರು, ಚಿಕ್ಕ ಮಕ್ಕಳು ದೂರ ಇರಲಿ. ಸಾಸಿವೆ ಸಿಡಿಯುತ್ತದೆ, ಹಾಕಿದ ಕೂಡಲೇ ಎರಡು ಹೆಜ್ಜೆ ಹಿಂದೆ ಬರಬೇಕು. ಸೀರೆ ಸೆರಗು, ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಳ್ಳಲಿ. ಒಬ್ಬ ಸ್ವಯಂಸೇವಕರು ನೀರಿನ ಬಕೆಟ್ ಪಕ್ಕದಲ್ಲೇ ನಿಂತಿರಬೇಕು, ಅವರಿಗೆ ಬೇರೆ ಕೆಲಸ ಕೊಡಬೇಡಿ. ಎಲ್ಲರದ್ದನ್ನೂ ಸುಡಬೇಕಾಗಿಯೂ ಇಲ್ಲ. ಅಭ್ಯಾಸಕ್ಕೆ ಸುತ್ತಿಸುವುದು ಸಾಕು, ಹಿರಿಯರು ಮಾಡಿದ್ದನ್ನು ಮಾತ್ರ ಒಲೆಗೆ ಹಾಕಿ.

ಮುಟ್ಟಿಸಿಕೊಳ್ಳಲು ಇಷ್ಟ ಇದೆಯೇ ಎಂದು ಕೂತವರನ್ನು ಮೊದಲೇ ಕೇಳಿ. ಬೇಡ ಅನ್ನುವವರು ನೋಡುತ್ತಾ ಕೂರಲಿ.

ಊಟದ ನಂತರ ನಿಂಬೆ ಸರ. ಊಟಕ್ಕೆ ಮೊದಲು ಇದನ್ನು ಇಡಬೇಡಿ. ಮೆಣಸಿನಕಾಯಿ ಹಿಡಿದ ಕೈಯಲ್ಲಿ ಅನ್ನ ಕಲಸಿದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಗಟ್ಟಿ ನೂಲಿಗೆ ತುದಿಯಲ್ಲಿ ಇದ್ದಿಲ ತುಂಡು ಕಟ್ಟಿ, ಅದರ ಮೇಲೆ ನಿಂಬೆಹಣ್ಣು, ಅದರ ಮೇಲೆ ಏಳು ಹಸಿಮೆಣಸಿನಕಾಯಿ. ಮೆಣಸಿನಕಾಯನ್ನು ತೊಟ್ಟಿನ ಹತ್ತಿರ ಚುಚ್ಚಿ, ನಡುವೆ ಚುಚ್ಚಿದರೆ ಸೀಳಿ ಬೀಳುತ್ತದೆ. ಇದ್ದಿಲು ಒಡೆಯದಂತೆ ದಾರವನ್ನು ಅಡ್ಡ ಉದ್ದ ಸುತ್ತಿ ಗಂಟು ಹಾಕಿ. ಕೈ ಉರಿ ಹತ್ತಿದರೆ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು. ಮೆಣಸಿನ ಖಾರ ಎಣ್ಣೆಯಲ್ಲಿ ಕರಗುತ್ತದೆ, ಬರೀ ನೀರಿನಲ್ಲಿ ಹೋಗುವುದಿಲ್ಲ.

ಕೊನೆಗೆ ದಾರ. ತೊಡೆಯ ಮೇಲೆ ನೂಲು ಹೊಸೆದು ಉಡುದಾರ ಮಾಡುವುದು ನೋಡಲು ಸುಲಭ, ಮಾಡಲು ಕೈ ಪಳಗಬೇಕು. ಅವಸರ ಬೇಡ, ಒಂದು ಗಂಟೆ ಇರಲಿ. ತಾಯಿತದ ಮಾತೂ ಇಲ್ಲೇ ಬರುತ್ತದೆ. ಮಗುವಿನ ಒಣಗಿದ ಹೊಕ್ಕುಳ ಬಳ್ಳಿಯನ್ನು ಬೆಳ್ಳಿ ತಾಯಿತದಲ್ಲಿಟ್ಟು ಸೊಂಟಕ್ಕೆ ಕಟ್ಟುವ ಪದ್ಧತಿ ಇದೆ, ಬಂದವರಲ್ಲಿ ಕೆಲವರು ಅಂಥದ್ದನ್ನು ಜೋಪಾನವಾಗಿ ಇಟ್ಟಿರುತ್ತಾರೆ. ತಂದರೆ ಹೊರಗಿನಿಂದ ನೋಡಿ. ಯಾರ ತಾಯಿತವನ್ನೂ ಬಿಚ್ಚಿ ತೋರಿಸಿ ಎನ್ನಬೇಡಿ.

ದಾರದ ಅಪಾಯವನ್ನು ಬಾಯಿಬಿಟ್ಟು ಹೇಳಲೇಬೇಕು. ಎಳೆ ಮಗುವಿನ ಕೊರಳಿಗೆ ಯಾವ ದಾರವನ್ನೂ ಕಟ್ಟಬಾರದು, ನಿದ್ದೆಯಲ್ಲಿ ಬಿಗಿಯಬಹುದು. ಕೈಗೆ ಕಟ್ಟಿದ್ದು ನೆನೆದರೆ ಬಿಗಿಯಾಗುತ್ತದೆ, ಮಗು ಬೆಳೆದಂತೆ ಇನ್ನೂ ಬಿಗಿಯಾಗುತ್ತದೆ. ಒಂದು ಬೆರಳು ಸರಾಗವಾಗಿ ಆಡುವಷ್ಟು ಸಡಿಲ ಇರಬೇಕು. ಬಿಡಿ ಮಣಿ, ಸಣ್ಣ ತಾಯಿತ ಕಳಚಿ ಮಗುವಿನ ಬಾಯಿಗೆ ಹೋಗದಂತೆ ನೋಡಬೇಕು.

7. ಬರುವ ಪ್ರಶ್ನೆಗಳಿಗೆ ತಯಾರಾಗಿರಿ

"ಇದು ನಿಜವಾಗ್ಲೂ ಕೆಲಸ ಮಾಡುತ್ತಾ?" ಖಂಡಿತ ಕೇಳುತ್ತಾರೆ. ನುಣುಚಿಕೊಳ್ಳಬೇಡಿ. ಕಾಯಿಲೆ ಗುಣವಾಗುವುದಕ್ಕೆ ಇದು ಮದ್ದಲ್ಲ ಎಂದು ನೇರವಾಗಿ ಹೇಳಿ. ಅಳುವ ಮಗು ನಿವಾಳಿಸಿದ ಮೇಲೆ ಸುಮ್ಮನಾಗುವುದನ್ನು ನೋಡಿದವರಿದ್ದಾರೆ. ಎತ್ತಿಕೊಂಡು, ಗಮನ ಕೊಟ್ಟು, ಹಿತವಾದ ದನಿಯಲ್ಲಿ ಮಾತಾಡಿದಾಗ ಮಗುವಿಗೂ ತಾಯಿಗೂ ಸಮಾಧಾನ ಸಿಗುತ್ತದೆ, ಅದನ್ನೂ ಹೇಳಿ. ಹಿರಿಯರು "ನಮ್ಮ ನಂಬಿಕೆ" ಎಂದರೆ ಅದು ಅವರ ಮಾತು, ಅವರೊಡನೆ ಅಲ್ಲೇ ವಾದಕ್ಕೆ ಇಳಿಯುವುದು ಬೇಡ. ಆದರೆ ಆರೋಗ್ಯದ ವಿಷಯದಲ್ಲಿ ತಪ್ಪು ಮಾತು ಬಂದರೆ ಆಯೋಜಕರು ಅದೇ ಕ್ಷಣದಲ್ಲಿ ಮೆತ್ತಗೆ ತಿದ್ದಬೇಕು.

ಕೆಲವರು ಕಲಿಯಲು ಬಂದಿರುವುದಿಲ್ಲ, ಕಷ್ಟ ಹೊತ್ತುಕೊಂಡು ಬಂದಿರುತ್ತಾರೆ. "ನಮ್ಮ ಮನೆಗೆ ಯಾರೋ ಮಾಡಿಸಿದ್ದಾರೆ" ಎಂದು ಬಿಡುವಿನಲ್ಲಿ ಪಕ್ಕಕ್ಕೆ ಕರೆದು ಹೇಳುತ್ತಾರೆ, ಕಣ್ಣಲ್ಲಿ ನೀರು ಇರುತ್ತದೆ. ಅವರನ್ನು ಗದರಬೇಡಿ, ಪರಿಹಾರ ಹೇಳುವವರ ವಿಳಾಸವನ್ನೂ ಕೊಡಬೇಡಿ. ಕೂತು ಕೇಳಿ. ನಿದ್ದೆ ಇಲ್ಲ, ಭಯ, ಯಾರದೋ ದನಿ ಕೇಳಿಸುತ್ತದೆ ಎಂದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಇದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜ್ವರ ಬಂದ ಮಗುವನ್ನು ಎತ್ತಿಕೊಂಡು ಬಂದರೆ ದೃಷ್ಟಿ ತೆಗೆಯುವ ಮೊದಲು ವೈದ್ಯರ ಬಳಿ ಕಳಿಸಿ, ತುರ್ತಾದರೆ 108. ಈ ಎರಡೂ ಸಂಖ್ಯೆಗಳನ್ನು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿ.

8. ಕಸ

ನಿವಾಳಿಸಿದ್ದನ್ನು ಮೂರು ದಾರಿ ಕೂಡುವಲ್ಲಿ ಹಾಕಬೇಕು ಎಂಬುದು ಹಳೆಯ ರೂಢಿ. ಆ ಕಾಲದ ದಾರಿಯಲ್ಲಿ ಎತ್ತಿನ ಗಾಡಿ ಓಡಾಡುತ್ತಿತ್ತು, ಈಗ ಬೈಕ್ ಓಡಾಡುತ್ತವೆ. ಆಯುಧಪೂಜೆಯ ದಿನ ರಸ್ತೆ ಮೇಲೆ ಒಡೆದ ಬೂದುಗುಂಬಳದ ಮೇಲೆ ಜಾರಿ ಬೀಳುವವರನ್ನು ಪ್ರತಿ ವರ್ಷ ನೋಡುತ್ತೇವೆ. ಹಾಗಾಗಿ ನಿಂಬೆ, ಮೆಣಸಿನಕಾಯಿ, ಹೂವು ಎಲ್ಲ ಹಸಿ ಕಸಕ್ಕೆ ಅಥವಾ ಗಿಡದ ಬುಡದ ಗುಂಡಿಗೆ. ಉಪ್ಪನ್ನು ಮಾತ್ರ ಗಿಡದ ಬುಡಕ್ಕೆ ಹಾಕಬೇಡಿ, ಗಿಡ ಒಣಗುತ್ತದೆ, ನೀರಿನಲ್ಲಿ ಕರಗಿಸಿ ಚರಂಡಿಗೆ ಬಿಡಿ. ಬೂದಿ ಪೂರ್ತಿ ಆರಿದೆ ಎಂದು ನೀರು ಹಾಕಿ ನೋಡಿದ ಮೇಲೆಯೇ ಚೀಲಕ್ಕೆ ತುಂಬಿ. ನಿವಾಳಿಸಿದ್ದನ್ನು ಮುಟ್ಟಲು ಪೌರಕಾರ್ಮಿಕರಿಗೆ ಹಿಂಜರಿಕೆ ಇರಬಹುದು, ಅವರ ತಲೆಗೆ ಕಟ್ಟದೆ ನಿಮ್ಮವರೇ ಎತ್ತಿ ಸಾಗಿಸಬೇಕು.

9. ಬರೆದಿಡಿ, ಆದರೆ ಕೇಳಿ ಬರೆದಿಡಿ

ಹಾಡು, ದೃಷ್ಟಿಯ ಮಾತು, ವಸ್ತುಗಳ ಹೆಸರು ಎಲ್ಲವನ್ನೂ ಹೇಳಿದವರ ಆಡುಮಾತಿನಲ್ಲೇ ಬರೆಯಿರಿ. ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಊರು, ತಾಲ್ಲೂಕು, ಯಾರಿಂದ ಕಲಿತದ್ದು ಎಂಬುದು ಪಕ್ಕದಲ್ಲಿರಲಿ. ಫೋಟೋ, ವಿಡಿಯೋಕ್ಕೆ ಪ್ರತಿಯೊಬ್ಬರನ್ನೂ ಕೇಳಿ. ಅದನ್ನು ಅಂತರ್ಜಾಲಕ್ಕೆ ಹಾಕುತ್ತೀರಾ ಎಂಬುದು ಬೇರೆಯೇ ಪ್ರಶ್ನೆ, ಅದನ್ನೂ ಬೇರೆಯಾಗಿ ಕೇಳಿ. ದೃಷ್ಟಿ ತೆಗೆಯುವ ಅಜ್ಜಿಯ ವಿಡಿಯೋ ಯಾರದೋ ಕೈಗೆ ಸಿಕ್ಕಿ, ಹಿನ್ನೆಲೆಗೆ ಭಯದ ಸಂಗೀತ ಸೇರಿ "ಮಾಟಗಾತಿ" ಎಂಬ ಹೆಸರಿನಲ್ಲಿ ಓಡಾಡತೊಡಗಿದರೆ ಆಕೆ ಊರಿನಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ಅನುಮಾನ ಇದ್ದರೆ ಕೈಗಳನ್ನು ಮಾತ್ರ ಚಿತ್ರೀಕರಿಸಿ, ಮುಖ ಬೇಡ.

ಇನ್ನಷ್ಟು ಆಳಕ್ಕೆ ಹೋಗಬೇಕೆನ್ನುವವರು ಕಾರ್ಯಾಗಾರಕ್ಕೆ ಮೊದಲು ರಾಮನಗರದ ಜಾನಪದ ಲೋಕಕ್ಕೆ ಒಂದು ಸುತ್ತು ಹಾಕಿ ಬನ್ನಿ. ಹಳ್ಳಿಯ ಮನೆಬಳಕೆಯ ವಸ್ತುಗಳನ್ನು ಒಟ್ಟಿಗೆ ನೋಡಿದರೆ ಏನು ಕೇಳಬೇಕು ಎಂಬುದು ಹೊಳೆಯುತ್ತದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೂ ಇದೆ.

ಬರೆದದ್ದನ್ನು ಚಿಕ್ಕ ಪುಸ್ತಿಕೆ ಮಾಡಿದರೆ ಅಚ್ಚಿಗೆ ಕಳಿಸುವ ಮೊದಲು ಹಿರಿಯರಿಗೆ ಓದಿ ಹೇಳಿ, ಬೇಡ ಅಂದ ಸಾಲನ್ನು ತೆಗೆಯಿರಿ. ಅಚ್ಚಾದ ಪ್ರತಿಯನ್ನು ಅವರ ಮನೆಗೇ ಹೋಗಿ ಕೊಡಿ. ಓದಲು ಬಾರದವರಾದರೆ ಅವರು ಹೇಳಿದ ಹಾಡಿನ ಧ್ವನಿಮುದ್ರಣವನ್ನು ಮಗನದ್ದೋ ಮೊಮ್ಮಗಳದ್ದೋ ಫೋನಿಗೆ ಹಾಕಿಕೊಟ್ಟು ಬನ್ನಿ.